ಹಳೇ ಪಿಎಸ್ ವೀಟಾ 12,500ಕ್ಕೆ ಸಿಗ್ತಿದೆ. ತಗೊಳ್ಳೋದಾ, ಬಿಡೋದಾ?

ತುಮಕೂರು_ಪ್ಯಾಸೆಂಜರ್
ಎಲ್ರಿಗೂ ನಮಸ್ಕಾರ. ಒಂದು ಸಲಹೆ ಬೇಕು. ನಾನು ಕೆಲಸಕ್ಕೆ ತುಮಕೂರಿಂದ ಬೆಂಗ್ಳೂರಿಗೆ ರೈಲಲ್ಲಿ ಓಡಾಡೋನು. ಹೋಗ್ತಾ ಬರ್ತಾ ಸೇರಿ ಮೂರು ಗಂಟೆ ಕೂತ್ಕೊಂಡೇ ಕಳೀಬೇಕು. ರೀಲ್ಸ್ ನೋಡಿ ನೋಡಿ ತಲೆ ಕೆಟ್ಟೋಗಿದೆ. ರಾಜಾಜಿನಗರದಲ್ಲಿ ಒಬ್ರು ಪಿಎಸ್ ವೀಟಾ (ಸೋನಿದು, ಕೈಲಿ ಹಿಡಿದು ಆಡೋ ಗೇಮ್ ಮಷೀನ್) ಮಾರ್ತಿದಾರೆ. ಮೊದಲನೇ ಮಾಡೆಲ್, ಪಿಸಿಎಚ್-1000, ಓಎಲ್‌ಇಡಿ ಸ್ಕ್ರೀನ್. ಜೊತೆಗೆ 16 ಜಿಬಿ ಮೆಮೊರಿ ಕಾರ್ಡ್, ಚಾರ್ಜರ್, ಮೂರು ಗೇಮ್: ಅನ್‌ಚಾರ್ಟೆಡ್ ಗೋಲ್ಡನ್ ಅಬಿಸ್, ಕಿಲ್‌ಝೋನ್ ಮರ್ಸಿನರಿ, ಒಂದು ಫೀಫಾ. ಕೇಳ್ತಿರೋದು 12,500.

2012ರಲ್ಲಿ ಇದು ಇಲ್ಲಿಗೆ ಬಂದಾಗ ಇಪ್ಪತ್ತು ಸಾವಿರದ ಹತ್ರ ಇತ್ತು. ಆಗ ಡಿಪ್ಲೊಮಾ ಓದ್ತಿದ್ದೆ, ಮನೇಲಿ ಬಾಯಿ ಬಿಡೋ ಹಾಗೇ ಇರ್ಲಿಲ್ಲ. ಈಗ ದುಡ್ಡಿದೆ, ಆದ್ರೆ ಮಾಲಿಗೆ ವಯಸ್ಸಾಗಿದೆ. ಆನ್‌ಲೈನ್ ಸ್ಟೋರ್ ಮುಚ್ಚೋಯ್ತು ಅಂತ ಒಬ್ರು, ಇಲ್ಲ ಇನ್ನೂ ಇದೆ ಅಂತ ಇನ್ನೊಬ್ರು. ಬ್ಯಾಟರಿ ಸಿಗುತ್ತಾ? ನೋಡೋಕೆ ಹೋದ್ರೆ ಏನೇನು ಚೆಕ್ ಮಾಡ್ಬೇಕು?

ಗುರು_ಹೇಳ್ದ
ಬಿಡಿ ಗುರು. ಆ ದುಡ್ಡಲ್ಲಿ ಫೋನಿಗೆ ಒಂದು ಒಳ್ಳೇ ಕಂಟ್ರೋಲರ್ ತಗೊಂಡು ಪಿಪಿಎಸ್‌ಎಸ್‌ಪಿಪಿ ಹಾಕ್ಕೊಳ್ಳಿ. ಮಿಕ್ಕಿದ್ದರಲ್ಲಿ ಆರು ತಿಂಗಳು ಕಾಫಿ ಕುಡೀಬಹುದು.

ಮೂರನೇ_ಬೆಂಚು
@ಗುರು_ಹೇಳ್ದ ಅವ್ರು ಕೇಳಿರೋದು ವೀಟಾ, ನೀವು ಹೇಳ್ತಿರೋದು ಪಿಎಸ್‌ಪಿ ಎಮ್ಯುಲೇಟರ್, ಅಂದ್ರೆ ವೀಟಾಗಿಂತ ಮುಂಚೆ ಬಂದ ಸೋನಿ ಮಷೀನಿನ ಗೇಮ್‌ಗಳನ್ನ ಫೋನಲ್ಲಿ ಓಡಿಸೋ ಆ್ಯಪ್. ಪಿಪಿಎಸ್‌ಎಸ್‌ಪಿಪಿಲಿ ವೀಟಾ ಗೇಮ್ ಒಂದೂ ಓಡಲ್ಲ. ಅದಕ್ಕೆ ವೀಟಾ3ಕೆ ಅಂತ ಬೇರೇನೇ ಇದೆ, ಫೋನಿಗೂ ಬಂದಿದೆ, ಆದ್ರೆ ಎಲ್ಲ ಗೇಮೂ ನೆಟ್ಟಗೆ ಓಡುತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ.

ಅಕ್ಕಿರೊಟ್ಟಿ
ತುಮಕೂರು ರೈಲಲ್ಲಿ ಸೀಟ್ ಸಿಗುತ್ತೇನ್ರೀ? ಮೊದ್ಲು ಅದು ಹೇಳಿ.

ತುಮಕೂರು_ಪ್ಯಾಸೆಂಜರ್
ಬೆಳಿಗ್ಗೆ ಹೊರಡೋ ಸ್ಟೇಷನ್ನಲ್ಲೇ ಹತ್ತೋದ್ರಿಂದ ಸಿಗುತ್ತೆ ಮೇಡಂ. ಸಾಯಂಕಾಲ ಯಶವಂತಪುರದಲ್ಲಿ ಹತ್ತಿದ್ರೆ ದೇವ್ರೇ ಗತಿ.

ರಿಪೇರಿಕಟ್ಟೆ
ನಾನು ಇಂಥವನ್ನ ಬಿಚ್ಚಿ ಕಟ್ಟೋ ಕೆಲಸ ಮಾಡ್ತೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಬ್ಯಾಟರಿಗೆ ಹೆದರ್ಬೇಡಿ. 1000 ಮಾಡೆಲ್ ಒಳಗೆ ಇರೋದು 2210 ಎಂಎಎಚ್‌ದು, ಬ್ಯಾಟರಿ ಮೇಲೆ ಎಸ್‌ಪಿ65ಎಂ ಅಂತ ಇರುತ್ತೆ. ಫೋನ್ ಥರ ಅಂಟು ಹಾಕಿ ಮೆತ್ತಿಲ್ಲ. ಹಿಂದಿನ ಸ್ಕ್ರೂ ಬಿಚ್ಚಿ, ಕವರ್ ಹುಷಾರಾಗಿ ಎತ್ತಿ, ಕನೆಕ್ಟರ್ ಕಿತ್ತು ಬೇರೆ ಹಾಕೋದು. ಆದ್ರೆ ಆನ್‌ಲೈನಲ್ಲಿ ಸಿಗೋದೆಲ್ಲ ಡೂಪ್ಲಿಕೇಟ್. 3000, 3500 ಅಂತ ಲೇಬಲ್ ಅಂಟ್ಸಿರ್ತಾರೆ. ಅಷ್ಟೇ ಅಗಲದ ಡಬ್ಬೀಲಿ ಅಷ್ಟು ಕೆಪಾಸಿಟಿ ಎಲ್ಲಿಂದ ಬರುತ್ತೆ? ಅಂಥದ್ದು ಕಂಡ್ರೆ ಮುಂದೆ ಹೋಗಿ.

ನೋಡೋಕೆ ಹೋದಾಗ ಮೊದಲು ಮೇಜಿನ ಮೇಲೆ ಅಂಗಾತ ಇಟ್ಟು ಪಕ್ಕದಿಂದ ನೋಡಿ. ಮುಂದಿನ ಗಾಜಿಗೂ ಹಿಂದಿನ ಕವರ್‌ಗೂ ನಡುವೆ ಒಂದು ಕಡೆ ಸಂದು ಬಿಟ್ಟಿದ್ರೆ ಒಳಗೆ ಬ್ಯಾಟರಿ ಉಬ್ಬಿದೆ ಅಂತ ಅರ್ಥ. ಆಮೇಲೆ ಗೇಮ್ ಹಾಕಿ ಎರಡೂ ಸ್ಟಿಕ್ಕಿಂದ (ಹೆಬ್ಬೆರಳಲ್ಲಿ ತಿರುಗಿಸೋ ಗುಂಡಿ) ಕೈ ತೆಗೀರಿ. ಕಿಲ್‌ಝೋನ್ ಇದ್ಯಲ್ಲ, ಅದೇ ಸಾಕು. ಗನ್ ತಾನಾಗೇ ಪಕ್ಕಕ್ಕೆ ಜಾರ್ತಿದ್ರೆ ಸ್ಟಿಕ್ ಹೋಗಿದೆ. ಸ್ಟಿಕ್ ಬದಲಾಯಿಸ್ಬಹುದು, ಆದ್ರೆ 1000ದು ಆಮೇಲೆ ಬಂದ 2000 ಮಾಡೆಲಿಗೆ ಕೂರಲ್ಲ, ಕೇಳಿ ತಗೋಬೇಕು.

ಇನ್ನೊಂದು, ಚಾರ್ಜಿಂಗ್ ಪೋರ್ಟ್. 1000ಕ್ಕೆ ಮೈಕ್ರೋ ಯುಎಸ್‌ಬಿ ಇಲ್ಲ, ಸೋನಿದೇ ಒಂದು ಅಗಲದ ಕನೆಕ್ಟರ್. ಕೇಬಲ್ ಹಾಕಿ ಸ್ವಲ್ಪ ಅಲ್ಲಾಡಿಸಿ. ಚಾರ್ಜ್ ಹೋಗಿ ಬಂದು ಆದ್ರೆ ಬೋರ್ಡ್ ಕೆಲಸ ಅದು, ಬಿಟ್ಟು ಎದ್ದು ಬನ್ನಿ.

ಹುಬ್ಬಳ್ಳಿ_ಗಿರ್ಮಿಟ್
ರಿಪೇರಿಕಟ್ಟೆ ಅವರು ಹೇಳಿದ್ದು ಖರೇ ಐತಿ. ಸ್ಕ್ರೀನ್ ಬಗ್ಗೆನೂ ಒಂದ್ ಮಾತು ಹೇಳ್ತೀನಿ. ರೂಮಿನ ಲೈಟ್ ಆರ್ಸಿ, ಬ್ರೈಟ್‌ನೆಸ್ ಪೂರಾ ಇಳಿಸಿ, ಬೂದು ಬಣ್ಣದ ಒಂದು ಫೋಟೋ ತಗದು ನೋಡ್ರಿ. ಕಪ್ಪು ಕಪ್ಪು ಮಚ್ಚಿ ಹಂಗ ಕಾಣ್ತಾವು. ಓಎಲ್‌ಇಡಿ ವೀಟಾದಾಗ ಅದು ಹೊಸದಿದ್ದಾಗಿಂದನೂ ಇರೂದೇ. ಸ್ವಲ್ಪ ಇದ್ರ ತಲಿ ಕೆಡಿಸ್ಕೋಬ್ಯಾಡ್ರಿ. ಚೌಕಾಶಿ ಮಾಡಾಕ ಮಾತ್ರ ಮರೀಬ್ಯಾಡ್ರಿ.

ಗುರು_ಹೇಳ್ದ
ನೋಡಿದ್ರಾ? ಸಂದು ನೋಡಿ, ಮಚ್ಚೆ ನೋಡಿ, ಕೇಬಲ್ ಅಲ್ಲಾಡಿಸಿ. ಹೆಣ್ಣು ನೋಡೋಕೂ ಇಷ್ಟು ಪರೀಕ್ಷೆ ಇರಲ್ಲ.

ಅಕ್ಕಿರೊಟ್ಟಿ
@ಗುರು_ಹೇಳ್ದ ಇರುತ್ತೆ. ನಮ್ಮನ್ನ ಕೇಳಿ, ಹೇಳ್ತೀವಿ.

ಗುರು_ಹೇಳ್ದ
ಕ್ಷಮಿಸಿ ಅಕ್ಕ 🙏 ವಿಷಯಕ್ಕೆ ಬರ್ತೀನಿ. ಸ್ಟೋರ್ ಬಂದ್ ಆಗಿರೋ ಮಷೀನಿಗೆ 12,500 ಕೊಡೋದು ನನ್ ಪ್ರಕಾರ ಶುದ್ಧ ದಂಡ.

ಮೂರನೇ_ಬೆಂಚು
ಬಂದ್ ಆಗಿಲ್ಲ. ಎಲ್ರೂ ಅರ್ಧ ಸುದ್ದಿ ಓದಿರ್ತಾರೆ. 2021ರ ಮಾರ್ಚಲ್ಲಿ ಸೋನಿ ಪಿಎಸ್3, ಪಿಎಸ್‌ಪಿ, ವೀಟಾ ಮೂರರ ಸ್ಟೋರೂ ಮುಚ್ತೀವಿ ಅಂತು. ಜನ ಗಲಾಟೆ ಮಾಡಿದ್ರು. ಏಪ್ರಿಲ್‌ನಲ್ಲಿ ಪಿಎಸ್3, ವೀಟಾ ಎರಡನ್ನ ಉಳಿಸ್ಕೊಂಡು ಪಿಎಸ್‌ಪಿದು ಮಾತ್ರ ಜುಲೈನಲ್ಲಿ ನಿಲ್ಲಿಸಿದ್ರು. ವೀಟಾ ಸ್ಟೋರ್ ಇದೆ.

ಆದ್ರೆ ಸುಲಭ ಇಲ್ಲ. 2020ರ ಅಕ್ಟೋಬರಿಂದ ಬ್ರೌಸರ್‌ನ ಸ್ಟೋರಲ್ಲಿ ವೀಟಾ ಗೇಮ್ ತೋರ್ಸಲ್ಲ, ಮಷೀನಿಂದಲೇ ಹುಡುಕಬೇಕು. 2021ರ ಅಕ್ಟೋಬರಿಂದ ಮಷೀನಲ್ಲಿ ಕಾರ್ಡ್ ನಂಬರ್ ಹಾಕಿ ದುಡ್ಡು ಕಟ್ಟೋಕೂ ಬರಲ್ಲ. ಫೋನಲ್ಲೋ ಕಂಪ್ಯೂಟರಲ್ಲೋ ವಾಲೆಟ್‌ಗೆ ದುಡ್ಡು ತುಂಬ್ಸಿ, ಆಮೇಲೆ ವೀಟಾದಲ್ಲಿ ಖರೀದಿ ಮಾಡ್ಬೇಕು.

ಗುರು_ಹೇಳ್ದ
ಮುಂದಿನ ಬಾಗ್ಲು ಹಾಕಿ ಹಿತ್ಲು ಬಾಗ್ಲು ತೆಗೆದಿಟ್ಟಿದಾರೆ ಅನ್ನಿ. ನಾಳೆ ಅದನ್ನೂ ಹಾಕ್ತಾರೆ.

ಮೂರನೇ_ಬೆಂಚು
ಹಾಕ್ಬಹುದು. ಅದಕ್ಕೇ ಗೇಮ್ ಕಾರ್ಡ್ (ಮಷೀನಿಗೆ ಸಿಕ್ಕಿಸೋ, ಗೇಮ್ ಇರೋ ಸಣ್ಣ ಕಾರ್ಡ್) ಜೊತೆ ಸಿಕ್ರೆ ಒಳ್ಳೇದು ಅನ್ನೋದು.

ಕುಡ್ಲ_ಬಂಗುಡೆ
ಮಾರಾಯ್ರೆ, ಮೆಮೊರಿ ಕಾರ್ಡಿನ ಬಗ್ಗೆ ಯಾರೂ ಎಂತ ಹೇಳಲೇ ಇಲ್ಲ. ವೀಟಾಕ್ಕೆ ಸಾಮಾನ್ಯ ಮೈಕ್ರೋ ಎಸ್‌ಡಿ ಆಗುವುದಿಲ್ಲ, ಸೋನಿಯದ್ದೇ ಬೇರೆ ಕಾರ್ಡ್. 4ರಿಂದ 64 ಜಿಬಿವರೆಗೆ ಬಂದಿತ್ತು. ಆಗಲೇ ಅದರ ರೇಟು ಕೇಳಿದರೆ ತಲೆ ತಿರುಗುತ್ತಿತ್ತು, ಈಗ ಸಿಕ್ಕಿದ್ದೇ ಪುಣ್ಯ. 1000 ಮಾಡೆಲಿಗೆ ಒಳಗೆ ಸ್ಟೋರೇಜೇ ಇಲ್ಲ. ಕಾರ್ಡ್ ಹಾಳಾದರೆ ಕೆಲವು ಗೇಮ್ ಸೇವ್ ಕೂಡ ಆಗುವುದಿಲ್ಲ. 2000 ಮಾಡೆಲಿಗಾದರೂ 1 ಜಿಬಿ ಒಳಗೇ ಉಂಟು.

ನಮ್ಮ ಕಡೆ ಮಳೆಗಾಲದಲ್ಲಿ ಎಲ್ಲದಕ್ಕೂ ಬೂಷ್ಟು ಬರ್ತದೆ. ನನ್ನ ಪಿಎಸ್‌ಪಿಯನ್ನು ಕಪಾಟಿನಲ್ಲಿ ಇಟ್ಟು ಮರೆತಿದ್ದೆ. ತೆಗೆದು ನೋಡುವಾಗ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ನೀರುದೋಸೆಯ ಅಂಚಿನ ಹಾಗೆ ಎದ್ದು ನಿಂತಿತ್ತು. ಪಿಎಸ್‌ಪಿಯಾದರೆ ಬ್ಯಾಟರಿ ಕೈಯಲ್ಲಿ ತೆಗೆದು ಬಿಸಾಡಬಹುದು, ವೀಟಾದಲ್ಲಿ ಹಾಗೆ ಆಗುವುದಿಲ್ಲವಲ್ಲ.

ರಿಪೇರಿಕಟ್ಟೆ
ಬಿಸಾಡ್ಬೇಡಿ ಸಾರ್! ಉಬ್ಬಿದ ಬ್ಯಾಟರಿ ಕಸದ ಡಬ್ಬಿಗೆ ಹಾಕಿದ್ರೆ ಲಾರೀಲಿ ಬೆಂಕಿ ಹತ್ಕೊಳ್ಳುತ್ತೆ. ಇ-ವೇಸ್ಟ್ ತಗೊಳ್ಳೋರಿಗೇ ಕೊಡಿ.

ಕುಡ್ಲ_ಬಂಗುಡೆ
ಅಲ್ಲಿಗೇ ಕೊಟ್ಟದ್ದು ಮಾರಾಯ್ರೆ, ಮಾತಿಗೆ ಹೇಳಿದೆ.

ಚಿಕ್ಕಪೇಟೆ_ಚಕ್ರವರ್ತಿ
ಎಸ್‌ಡಿ2ವೀಟಾ ಗೊತ್ತಿಲ್ವಾ ಯಾರಿಗೂ? ಗೇಮ್ ಕಾರ್ಡ್ ಹಾಕೋ ಜಾಗಕ್ಕೆ ಒಂದು ಸಣ್ಣ ಅಡಾಪ್ಟರ್, ಅದರೊಳಗೆ ಮಾಮೂಲಿ ಮೈಕ್ರೋ ಎಸ್‌ಡಿ. 128 ಜಿಬಿ ಹಾಕ್ಕೊಂಡು ಆರಾಮಾಗಿರಿ. ಸೋನಿ ಕಾರ್ಡಿಗೆ ಯಾರು ಕಾಸು ಸುರೀತಾರೆ.

ಮೂರನೇ_ಬೆಂಚು
ಅಡಾಪ್ಟರ್ ಚುಚ್ಚಿದ ತಕ್ಷಣ ಆಗಲ್ಲ, ಮಷೀನ್ ಮಾಡ್ ಮಾಡಿರ್ಬೇಕು, ಅಂದ್ರೆ ಸೋನಿ ಹಾಕಿರೋ ಬೀಗ ಮುರಿದು ಬೇರೆ ಸಾಫ್ಟ್‌ವೇರ್ ಹಾಕಿರ್ಬೇಕು. ಮತ್ತೆ ಅದು ಗೇಮ್ ಸ್ಲಾಟನ್ನೇ ತಿನ್ನುತ್ತೆ. ಅವ್ರಿಗೆ ಸಿಗ್ತಿರೋದು ಮೂರು ಗೇಮ್ ಕಾರ್ಡ್. ಪ್ರತೀ ಸಲ ಅದು ತೆಗೆದು ಇದು ಹಾಕೋದಾ, ರೈಲಲ್ಲಿ? ಬೆರಳ ಉಗುರಿನಷ್ಟು ಇರೋ ಕಾರ್ಡ್ ಸೀಟಿನ ಸಂದೀಗ್ ಬಿದ್ರೆ ಅರಸೀಕೆರೆವರೆಗೂ ಹುಡುಕ್ತಾ ಹೋಗ್ಬೇಕು.

ಚಿಕ್ಕಪೇಟೆ_ಚಕ್ರವರ್ತಿ
ಮಾಡ್ ಮಾಡೋದೇನ್ ಮಹಾ? ಅದಕ್ಕೆ ಹೆನ್‌ಕಾಕು ಅನ್ನೋ ಸಾಫ್ಟ್‌ವೇರ್ 2016ರಲ್ಲೇ ಬಂತು. ಈಗ ಕೊನೇ ಫರ್ಮ್‌ವೇರ್ 3.74ರಲ್ಲೂ ದಾರಿ ಇದೆ. ಮಾಡಿದ್ರೆ ಗೇಮೆಲ್ಲ ಫ್ರೀ. ಲಿಂಕ್ ಬೇಕಾದೋರು ಮೆಸೇಜ್ ಮಾಡಿ

ಮಾಡರೇಟರ್
ಮಾಡ್ ಬಗ್ಗೆ ಮಾತಾಡಿ, ತೊಂದ್ರೆ ಇಲ್ಲ. ಪೈರಸಿ ಲಿಂಕ್ ಹಂಚೋದು, ಮೆಸೇಜಲ್ಲಿ ಕರಿಯೋದು ಬೇಡ. ಇದು ಮೊದಲನೇ ಎಚ್ಚರಿಕೆ.

ಚಿಕ್ಕಪೇಟೆ_ಚಕ್ರವರ್ತಿ
ನ್ಯಾಷನಲ್ ಮಾರ್ಕೆಟಲ್ಲಿ ಐವತ್ತು ರೂಪಾಯಿ ಸೀಡಿ ತಗೊಂಡು ಬೆಳೆದೋರೆಲ್ಲ ಈಗ ಸತ್ಯಹರಿಶ್ಚಂದ್ರರಾಗ್ಬಿಟ್ರು.

ಹುಬ್ಬಳ್ಳಿ_ಗಿರ್ಮಿಟ್
ಅಯ್ಯ, ನ್ಯಾಷನಲ್ ಮಾರ್ಕೆಟ್ ಹೆಸರು ತಗದ್ರಲ್ಲ! ಸೂಟಿಗೆ ಮಾವನ ಮನಿಗೆ ಬೆಂಗ್ಳೂರಿಗೆ ಬಂದಾಗ ಅಲ್ಲಿಗೆ ಹೋಗೂದೇ ಒಂದು ಜಾತ್ರಿ. ಆ ಸಣ್ಣ ಸಣ್ಣ ಅಂಗಡಿ, ಟಿವಿ ಮ್ಯಾಲ ಟಿವಿ, "ಬಾ ತಮ್ಮ, ಏನ್ ಬೇಕು" ಅಂತ ಕೈ ಹಿಡದು ಎಳಿಯೋರು. ಪಿಎಸ್‌ಪಿಗೆ ಗೇಮ್ ಲೋಡ್ ಮಾಡ್ಸಾಕ ಕೊಟ್ಟು ಹೊರಗ ನಿಂತು ಪಪ್ಸ್ ತಿನ್ನೂದು.

ಅಕ್ಕಿರೊಟ್ಟಿ
ಅದಕ್ಕೂ ಮುಂಚೆ ಕೈಲಿ ಹಿಡಿದು ಆಡೋ ಇಟ್ಟಿಗೆ ಗೇಮ್ ಇತ್ತು, 9999 ಇನ್ 1. ಇದ್ದಿದ್ದು ಹತ್ತೋ ಹನ್ನೆರಡೋ ಗೇಮ್, ಮಿಕ್ಕಿದ್ದೆಲ್ಲ ಅದೇ ಗೇಮು ಸ್ಪೀಡ್ ಜಾಸ್ತಿ. ನಮ್ಮಣ್ಣ ಎಲ್ಲ 9999 ಮುಗಿಸ್ತೀನಿ ಅಂತ ಹಠ ಹಿಡಿದಿದ್ದ.

ಗುರು_ಹೇಳ್ದ
ಅದರಲ್ಲಿ ರೇಸ್ ಕಾರ್ ಗೇಮ್ ಮೀರಿಸೋದು ಇವತ್ತಿಗೂ ಬಂದಿಲ್ಲ.

ಕುಡ್ಲ_ಬಂಗುಡೆ
ವೀಟಾದಲ್ಲಿ ಕ್ರಿಕೆಟ್ ಉಂಟಾ? ಪಿಎಸ್‌ಪಿಗೆ ಬ್ರಯಾನ್ ಲಾರಾ 2007 ಪ್ರೆಶರ್ ಪ್ಲೇ ಇತ್ತು. ನಾನು ಪಿಎಸ್‌ಪಿ ತೆಗೆದದ್ದೇ ಅದಕ್ಕೆ.

ಹುಬ್ಬಳ್ಳಿ_ಗಿರ್ಮಿಟ್
ಅದರಾಗ ಆರು ಬಾಲಿಗೆ ಆರು ಸಿಕ್ಸ್ ಹೊಡೀತಿದ್ದೆ ನಾನು. ಯುವರಾಜ್ ಹೊಡಿಯೂಕಿಂತ ಮದ್ಲ 😄

ಮಾಡರೇಟರ್
ವಿಷಯ ವೀಟಾ.

ಅಕ್ಕಿರೊಟ್ಟಿ
ಸರಿ, ವಿಷಯಕ್ಕೆ ಬರ್ತೀನಿ. ಎಲ್ರೂ ಮಷೀನ್ ಹೇಗಿದೆ ಅಂತ ಹೇಳ್ತಿದೀರಿ. ಅದರಲ್ಲಿ ಆಡೋದೇನು? ಪರ್ಸೋನಾ 4 ಗೋಲ್ಡನ್‌ಗೋಸ್ಕರ ವೀಟಾ ತಗೊಳ್ತಿದ್ರು ಒಂದು ಕಾಲದಲ್ಲಿ. ಅದು 2020ರಲ್ಲಿ ಪಿಸಿಗೆ ಬಂತು. ಗ್ರಾವಿಟಿ ರಶ್ ಪಿಎಸ್4ಗೆ ಬಂತು. ಚೆನ್ನಾಗಿದ್ದವೆಲ್ಲ ಒಂದೊಂದಾಗಿ ಮನೆ ಬಿಟ್ಟು ಹೋಗಿವೆ. ಗೋಲ್ಡನ್ ಅಬಿಸ್, ಕಿಲ್‌ಝೋನ್ ಇವೆರಡು ಇನ್ನೂ ವೀಟಾ ಬಿಟ್ಟು ಬೇರೆಲ್ಲೂ ಬಂದಿಲ್ಲ. ಅವೆರಡೂ ನಿಮಗೆ ಮಷೀನ್ ಜೊತೆಗೇ ಸಿಗ್ತಿವೆ. ರೈಲಲ್ಲಿ ಆಡಿದ್ರೂ ಒಂದು ತಿಂಗಳಿಗೆ ಮುಗಿಯುತ್ತೆ. ಆಮೇಲೆ? ಅದಕ್ಕೆ ಉತ್ತರ ಇದ್ರೆ ತಗೊಳ್ಳಿ, ಇಲ್ಲಾಂದ್ರೆ ಶೋಕೇಸಿನಲ್ಲಿ ಇಡೋಕೆ 12,500 ಜಾಸ್ತಿ ಆಯ್ತು.

ತುಮಕೂರು_ಪ್ಯಾಸೆಂಜರ್
ಒಳ್ಳೇ ಪ್ರಶ್ನೆ ಮೇಡಂ. ನಿಜ ಹೇಳ್ಬೇಕಂದ್ರೆ ಆ ಎರಡು ಗೇಮ್ ಬಿಟ್ರೆ ಪಿಎಸ್1 ಕಾಲದ ಆರ್‌ಪಿಜಿಗಳು (ಪಾತ್ರ ಬೆಳೆಸ್ತಾ ಹೋಗೋ ಉದ್ದ ಕಥೆಯ ಗೇಮ್‌ಗಳು) ಆಡ್ಬೇಕು ಅಂತ ಆಸೆ. ಮನೇಲಿ ಪಿಎಸ್4 ಇದೆ, ಆದ್ರೆ ಟಿವಿ ಮುಂದೆ ಕೂತ್ರೆ ಅಪ್ಪ ನ್ಯೂಸ್ ಹಾಕು ಅಂತಾರೆ.

ಮೂರನೇ_ಬೆಂಚು
ಹಾಗಿದ್ರೆ ನಿಮಗೆ ಸರಿಹೋಗುತ್ತೆ. ವೀಟಾ ಸ್ಟೋರಲ್ಲಿ ಪಿಎಸ್1, ಪಿಎಸ್‌ಪಿ ಗೇಮ್‌ಗಳೂ ಇವೆ. ಮನೇಲಿ ಪಿಎಸ್4 ಇದೆ ಅಂದ್ರೆ ರಿಮೋಟ್ ಪ್ಲೇ ಕೂಡ ಮಾಡ್ಬಹುದು, ಪಿಎಸ್4 ಗೇಮ್ ನೆಟ್ ಮೂಲಕ ವೀಟಾ ಸ್ಕ್ರೀನಲ್ಲಿ ಬರುತ್ತೆ, ಅಪ್ಪ ನ್ಯೂಸ್ ನೋಡ್ಲಿ, ನೀವು ರೂಮಲ್ಲಿ ಆಡಿ. ಪಿಎಸ್5ಗೆ ಮಾತ್ರ ಆಗಲ್ಲ.

ಫೋನ್ ಫೋನ್ ಅನ್ನೋರಿಗೆ ಒಂದು ಮಾತು. ನಾನು ಫೋನಲ್ಲೂ ಆಡ್ತೀನಿ. ಆದ್ರೆ ರೈಲಲ್ಲಿ ಫೋನಿಗೆ ಕಂಟ್ರೋಲರ್ ಸಿಕ್ಕಿಸಿ, ಎಮ್ಯುಲೇಟರ್ ತೆಗೆದು, ಗೇಮ್ ಶುರು ಮಾಡೋ ಹೊತ್ತಿಗೆ ಮ್ಯಾನೇಜರ್ ಫೋನ್ ಬರುತ್ತೆ. ವೀಟಾದಲ್ಲಿ ಸ್ಟೇಷನ್ ಬಂದ್ರೆ ಮೇಲಿನ ಬಟನ್ ಒತ್ತಿ ಜೇಬಿಗೆ ಹಾಕ್ಕೊಳ್ಳೋದು. ಸಾಯಂಕಾಲ ಮತ್ತೆ ಒತ್ತಿದ್ರೆ ಎಲ್ಲಿ ಗುಂಡು ಹಾರಿಸ್ತಿದ್ರೋ ಅಲ್ಲಿಂದಾನೇ ಶುರು.

ಗುರು_ಹೇಳ್ದ
ಚೀನಾದ ಹೊಸ ಹ್ಯಾಂಡ್‌ಹೆಲ್ಡ್‌ಗಳಲ್ಲೂ ಅದೇ ಆಗುತ್ತೆ. ರೆಟ್ರಾಯ್ಡ್, ಆನ್‌ಬರ್ನಿಕ್, ಮಿಯೂ ಮಿನಿ. ಪಿಎಸ್1 ಆಡೋಕೆ ವೀಟಾ ಯಾಕೆ? ಹೊಸ ಬ್ಯಾಟರಿ, ಮಾಮೂಲಿ ಮೈಕ್ರೋ ಎಸ್‌ಡಿ, ಟೈಪ್-ಸಿ. ಇದಕ್ಕೂ ತಕರಾರು ತೆಗೀರಿ ನೋಡೋಣ.

ರಿಪೇರಿಕಟ್ಟೆ
ತಕರಾರಿಲ್ಲ, ಪಿಎಸ್1ಗೆ ಅವು ಚೆನ್ನಾಗೇ ಇವೆ. ತರಿಸೋದು ತಲೆನೋವು. ಅಲಿಎಕ್ಸ್‌ಪ್ರೆಸ್ 2020ರಿಂದ ಇಲ್ಲಿ ಬ್ಯಾನ್. ಬೇರೆ ದಾರೀಲಿ ತರಿಸಿದ್ರೆ ಕಸ್ಟಮ್ಸಲ್ಲಿ ಎಷ್ಟು ಬೀಳುತ್ತೋ, ಬರುತ್ತೋ ಇಲ್ವೋ. ಇಲ್ಲೇ ಮಾರೋರು ಅದನ್ನೆಲ್ಲ ಸೇರ್ಸಿ ರೇಟ್ ಹಾಕ್ತಾರೆ. ಮತ್ತೆ ಅದರಲ್ಲಿ ಕಿಲ್‌ಝೋನ್ ಆಡೋಕಾಗಲ್ಲ.

ಸೈತಾಮ_ಕನ್ನಡಿಗ
ಜಪಾನಿಂದ ಬರೀತಿದೀನಿ. ಇಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ವೀಟಾ ಈಗ್ಲೂ ಸಿಗುತ್ತೆ. 2019ರ ಮಾರ್ಚಲ್ಲಿ ಸೋನಿ ತಯಾರಿಕೆ ನಿಲ್ಲಿಸ್ತಲ್ಲ, ಆಮೇಲೆ ಚೆನ್ನಾಗಿರೋ ಓಎಲ್‌ಇಡಿ ಪೀಸಿಗೆ ಡಿಮ್ಯಾಂಡ್ ಏರ್ತಾನೇ ಇದೆ. ಜಂಕ್ ಅಂತ ಬುಟ್ಟೀಲಿ ಹಾಕಿಟ್ಟಿರ್ತಾರೆ, ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ. ಅದರಲ್ಲಿ ಒಳ್ಳೇವೂ ಇರುತ್ವೆ, ಹೆಣಗಳೂ ಇರುತ್ವೆ. ಜಪಾನ್ ಪೀಸ್ ತಗೊಂಡ್ರೆ ಮೆನು ಇಂಗ್ಲಿಷಿಗೆ ಬದಲಾಯಿಸ್ಬಹುದು, ಆದ್ರೆ ಓಕೆ ಮಾಡೋಕೆ ಎಕ್ಸ್ ಬದ್ಲು ಸೊನ್ನೆ ಬಟನ್. ಮೊದಲ ವಾರ ಓಕೆ ಅಂತ ಕ್ಯಾನ್ಸಲ್ ಮಾಡ್ತಾನೇ ಇರ್ತೀರಿ. ಗೇಮ್ ಕಾರ್ಡಿಗೆ ರೀಜನ್ ಲಾಕ್ ಇಲ್ಲ, ಯಾವ ದೇಶದ್ದು ಬೇಕಾದ್ರೂ ಹಾಕಿ.

ಚಿಕ್ಕಪೇಟೆ_ಚಕ್ರವರ್ತಿ
ಸಾರ್ ಊರಿಗೆ ಬರೋವಾಗ ಒಂದು ತನ್ನಿ 🙏

ಸೈತಾಮ_ಕನ್ನಡಿಗ
ಎಲ್ರೂ ಇದನ್ನೇ ಕೇಳ್ತೀರಿ. ನನ್ ಬ್ಯಾಗಲ್ಲಿ ಅರ್ಧ ಅತ್ತೆಗೆ ಚಾಕಲೇಟು.

ಹುಬ್ಬಳ್ಳಿ_ಗಿರ್ಮಿಟ್
ಗೋಲ್ಡನ್ ಅಬಿಸ್ ಬಗ್ಗೆ ಒಂದು ಮುನ್ಸೂಚನಾ. ಅದರಾಗ ಒಂದು ಕಡೆ ಹಳೇ ಕಾಗದ ಸಿಗತೈತಿ, ಅದನ್ನ ಓದಾಕ ವೀಟಾದ ಕ್ಯಾಮೆರಾನ ಖರೇ ಖರೇ ಬೆಳಕಿಗೆ ಹಿಡೀಬೇಕು. ನಾ ಅಲ್ಲಿಗೆ ಬಂದಾಗ ರಾತ್ರಿ, ಕರೆಂಟ್ ಹೋಗಿತ್ತು. ಮೊಬೈಲ್ ಟಾರ್ಚ್ ಹಿಡದ್ರ ಒಪ್ಪವಲ್ತು. ಕಡೀಕ ಅಂಗಳಕ್ಕ ಹೋಗಿ ಬೈಕ್ ಚಾಲು ಮಾಡಿ ಹೆಡ್‌ಲೈಟಿಗೆ ಹಿಡದೆ. ಅವ್ವ ಕಿಟಕ್ಯಾಗಿಂದ "ಯಾರದು, ಪೆಟ್ರೋಲ್ ಕಳ್ಳರೇನು" ಅಂದ್ಲು. ರೈಲಿನಾಗ ಏನ್ ಮಾಡ್ತೀರೋ ನೋಡ್ರಿ, ಟಿಸಿ ಬಂದ್ರ ಟಿಸಿ ಟಾರ್ಚ್ ಕೇಳ್ರಿ.

ಅಕ್ಕಿರೊಟ್ಟಿ
ನಗು ತಡಿಯೋಕಾಗ್ತಿಲ್ಲ 😂

ಬೆಳ್ಳಂದೂರು_ನೊರೆ
1000 ಬೇಡ, 2000 ಹುಡುಕಿ. 2000 ತೂಕ 219 ಗ್ರಾಂ, 1000ದು 260. ಮೈಕ್ರೋ ಯುಎಸ್‌ಬಿ ಇದೆ. ಬ್ಯಾಟರಿ ಜಾಸ್ತಿ ಬರುತ್ತೆ.

ಮೂರನೇ_ಬೆಂಚು
ಮತ್ತೆ ಎಲ್‌ಸಿಡಿ. ಓಎಲ್‌ಇಡಿ ನೋಡಿದ ಕಣ್ಣಿಗೆ ಅದು ಸಪ್ಪೆ.

ಬೆಳ್ಳಂದೂರು_ನೊರೆ
ಬಿಸಿಲು ಬೀಳೋ ಕಿಟಕಿ ಸೀಟಲ್ಲಿ ಎರಡೂ ಕಾಣಲ್ಲ, ಬಿಡಿ.

ರಿಪೇರಿಕಟ್ಟೆ
ಸೋನಿ ಹೇಳೋದೇ 1000ಕ್ಕೆ ಮೂರರಿಂದ ಐದು ಗಂಟೆ, 2000ಕ್ಕೆ ನಾಲ್ಕರಿಂದ ಆರು. ಅದೂ ಹೊಸ ಬ್ಯಾಟರಿ ಇದ್ದಾಗ. ಇವ್ರಿಗೆ ದಿನಕ್ಕೆ ಬೇಕಾಗಿರೋದೇ ಮೂರು. ಸೆಲ್ ದಣಿದಿದ್ರೆ ವಾಪಸ್ ಬರೋವಾಗ ಯಶವಂತಪುರದಲ್ಲೇ ಆರೋಗುತ್ತೆ. ಅದಕ್ಕೇ ಹೋದ ತಕ್ಷಣ ಗೇಮ್ ಶುರು ಮಾಡ್ಬಿಡಿ, ಮಾತಾಡ್ತಾ ಅರ್ಧ ಗಂಟೆ ಓಡ್ಲಿ. ಮಾರೋರು ಚಾರ್ಜರ್ ಸಿಕ್ಕಿಸಿಟ್ಟೇ ತೋರಿಸಿದ್ರೆ ಕಿತ್ತು ನೋಡಿ. ಇನ್ನೊಂದು, ಮೆಮೊರಿ ಕಾರ್ಡ್ ಅವ್ರ ಅಕೌಂಟಿಗೆ ಅಂಟ್ಕೊಂಡಿರುತ್ತೆ. ವೀಟಾಗೆ ಒಂದು ಸಲಕ್ಕೆ ಒಂದೇ ಅಕೌಂಟು. ಅಲ್ಲೇ ಅವ್ರ ಕೈಲೇ ರೀಸೆಟ್ ಮಾಡ್ಸಿ, ಕಾರ್ಡ್ ಫಾರ್ಮ್ಯಾಟ್ ಮಾಡ್ಸಿ.

ತುಮಕೂರು_ಪ್ಯಾಸೆಂಜರ್
ಹೋಗಿ ನೋಡ್ಕೊಂಡು ಬಂದೆ. ಮಾರ್ತಿರೋರು ಒಳ್ಳೇ ಮನುಷ್ಯ, ಕಾಫಿ ಕೊಟ್ರು, ಡಬ್ಬ ಬಿಲ್ ಎಲ್ಲ ಇಟ್ಟಿದಾರೆ. ಸಂದು ಇಲ್ಲ. ಕೇಬಲ್ ಗಟ್ಟಿ. ಮಚ್ಚೆ ಎಡಗಡೆ ಮೂಲೇಲಿ ಸ್ವಲ್ಪ ಇದೆ. ಕಿಲ್‌ಝೋನಲ್ಲಿ ಕೈ ಬಿಟ್ರೆ ಗನ್ ನಿಧಾನಕ್ಕೆ ಬಲಕ್ಕೆ ಹೋಗುತ್ತೆ. ಚಾರ್ಜರ್ ಕಿತ್ತು ಆಡ್ತಾ ಇದ್ದೆ, ಅರ್ಧ ಗಂಟೆಗೆ ಬ್ಯಾಟರಿ ಗುರುತಲ್ಲಿ ಒಂದು ಕಡ್ಡಿ ಹೋಯ್ತು. ಸ್ಟಿಕ್ ತೋರ್ಸಿ 9,500 ಅಂದೆ. ಅವ್ರು 11,500 ಅಂದ್ರು. ಯೋಚ್ನೆ ಮಾಡಿ ಹೇಳ್ತೀನಿ ಅಂತ ಎದ್ದು ಬಂದೆ.

ರಿಪೇರಿಕಟ್ಟೆ
ಬಲಗಡೆ ಸ್ಟಿಕ್ ಅದು. ಬೆಂಗ್ಳೂರಿನ ಎಸ್.ಪಿ. ರೋಡ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹುಡುಕಿದ್ರೆ ಪಾರ್ಟ್ ಸಿಗ್ಬಹುದು, ಇಲ್ಲ ಆನ್‌ಲೈನ್. ಪಾರ್ಟ್, ಕೂಲಿ ಸೇರಿ ಸಾವಿರದ ಮೇಲೆ ಕೊಡ್ಬೇಡಿ. ಬ್ಯಾಟರಿ ಪರವಾಗಿಲ್ಲ. 10,500ರೊಳಗೆ ಬಂದ್ರೆ ತಗೊಳ್ಳಿ.

ಗುರು_ಹೇಳ್ದ
ಡಿಪ್ಲೊಮಾ ಓದೋವಾಗ ಸಿಗದೇ ಇದ್ದಿದ್ದು ಈಗ ಬೇಕು, ಅಷ್ಟೇ ತಾನೇ? ಅದನ್ನೇ ಮೊದ್ಲು ಹೇಳಿದ್ರೆ ನಾನೂ ಸುಮ್ನಿರ್ತಿದ್ದೆ. ಆದ್ರೂ ಪವರ್ ಬ್ಯಾಂಕ್ ಇಟ್ಕೊಳ್ಳಿ.

ತುಮಕೂರು_ಪ್ಯಾಸೆಂಜರ್
ಅವ್ರೇ ಫೋನ್ ಮಾಡಿದ್ರು. 10,500, ಫೀಫಾ ಕಾರ್ಡ್ ಕೊಡಲ್ಲವಂತೆ, ಮಗ ಅಳ್ತಾನಂತೆ. ಒಪ್ಕೊಂಡೆ. ಭಾನುವಾರ ತರ್ತೀನಿ. ರಿಪೇರಿಕಟ್ಟೆ ಸಾರ್, ಸ್ಟಿಕ್ ನೀವೇ ಹಾಕ್ಕೊಡ್ತೀರಾ?

ರಿಪೇರಿಕಟ್ಟೆ
ಪಾರ್ಟ್ ತಂದ್ರೆ ಹಾಕ್ಕೊಡ್ತೀನಿ. ಕರಿದು ಬಿಳೀದು ನೋಡ್ಕೊಂಡು ತನ್ನಿ, ಕೆಲವ್ರು ಬಣ್ಣ ಮರೆತು ಬರ್ತಾರೆ.

ಕುಡ್ಲ_ಬಂಗುಡೆ
ಅಭಿನಂದನೆ ಮಾರಾಯ್ರೆ. ಗಾಜಿಗೆ ಒಂದು ಗಾರ್ಡ್ ಹಾಕಿಸಿ, ಹಿಂದಿನ ಟಚ್ ಪ್ಯಾಡಿಗೂ.

ಮೂರನೇ_ಬೆಂಚು
ಹಿಂದಿನದಕ್ಕೆ ಗಾಜಿನ ಗಾರ್ಡ್ ಹಾಕಿದ್ರೆ ಕೈಯಿಂದ ಜಾರುತ್ತೆ. ಬೇಡ.

ಕುಡ್ಲ_ಬಂಗುಡೆ
ನನ್ನ ಅಣ್ಣನ ಮಗ ಹಾಕಿದ್ದಾನೆ, ಎಂತದೂ ಜಾರುವುದಿಲ್ಲ.

ಮೈಸೂರ್_ಮಲ್ಲಿಗೆ92
ಇದೇ ಥ್ರೆಡ್ಡಲ್ಲಿ ಕೇಳ್ಬಹುದಾ? ನನಗೆ ನಿಂಟೆಂಡೊ 3ಡಿಎಸ್ 9,000ಕ್ಕೆ ಸಿಗ್ತಿದೆ, ತಗೊಳ್ಳೋದಾ?

ಮೂರನೇ_ಬೆಂಚು
ಅದರ ಆನ್‌ಲೈನ್ ಸ್ಟೋರ್ ಇಶಾಪ್ 2023ರ ಮಾರ್ಚಲ್ಲೇ ಮುಚ್ಚಿದೆ, ನಿಜವಾಗ್ಲೂ ಮುಚ್ಚಿದೆ. ಗೇಮ್ ಕಾರ್ಡ್ ಎಷ್ಟು ಕೊಡ್ತಿದಾರೆ, ಮಡಚೋ ಹಿಂಜ್ ಹೇಗಿದೆ ಹೇಳಿ.

ಗುರು_ಹೇಳ್ದ
ಬಿಡಿ ಗುರು, ಫೋನಿಗೆ ಒಂದು ಕಂಟ್ರೋಲರ್ ತಗೊಂಡು

ಮಾಡರೇಟರ್
ಹೊಸ ಥ್ರೆಡ್ ಮಾಡ್ಕೊಳ್ಳಿ ದಯವಿಟ್ಟು. ಇದನ್ನ ಲಾಕ್ ಮಾಡ್ತಿದೀನಿ.